ಡಾಕ್ಟರ ಕೈಗುಣ

ಹೋಟೆಲಿನ ಮಹಡಿಯ ಹಾಲಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸರಿಗೆ ತರಬೇತಿ ನಡೆದಿತ್ತು. ಮುಖಕ್ಕೆ ಇಂಜೆಕ್ಷನ್ ಕೊಟ್ಟು ಸುಕ್ಕು ತೆಗೆಯುವುದನ್ನು ಕಲಿಸುತ್ತಿದ್ದವರು ಡಾ. ಶಿರಾಲಿ. ಟ್ರೇಯಿಂದ ಉದ್ದನೆಯ ಸೂಜಿಯೊಂದನ್ನು ಎತ್ತಿ ಹಿಡಿದರು.

"ಇದು ಕ್ಯಾನುಲಾ. ತುದಿ ಮೊಂಡು, ನರ ಸಿಕ್ಕಿದ್ರೆ ಪಕ್ಕಕ್ಕೆ ಜಾರುತ್ತೆ. ಹುಬ್ಬು ತಿದ್ದೋ ನಿಮ್ಮ ಕೈಗೂ ಬರುತ್ತೆ."

"ಮದ್ದು ರಕ್ತನಾಳಕ್ಕೆ ಹೋದ್ರೆ ಕಣ್ಣೇ ಹೋಗುತ್ತಂತಲ್ಲ ಸಾರ್?" ಎಂದಳು ಮುಂದೆ ಕುಳಿತಿದ್ದ ಮಂಗಳಗೌರಿ.

"ಅದೆಲ್ಲ ಪಾರ್ಲರಿನಲ್ಲಿ ಕೂತು ಹರಟೋ ಮಾತು. ಯಾರು ಬರ್ತೀರಿ? ಮಾಡಿ ತೋರಿಸ್ತೀನಿ."

ಯಾರೂ ಏಳಲಿಲ್ಲ. ಶಿರಾಲಿ ಮೂಗು ಮುರಿದರು.

"ಇಷ್ಟಕ್ಕೇ ಹೆದರೋರಿಗೆ ಸರ್ಟಿಫಿಕೇಟ್ ಬೇರೆ ಕೇಡು."

ಅಷ್ಟರಲ್ಲಿ ಅವರ ಹೆಂಡತಿ ಕಾಫಿಯ ಫ್ಲಾಸ್ಕ್ ಹಿಡಿದು ಒಳಗೆ ಬಂದರು. ವಯಸ್ಸಾಗಿದ್ದರೂ ಹಣೆಯಲ್ಲಿ ಒಂದೂ ಗೆರೆಯಿರಲಿಲ್ಲ, ಕೆನ್ನೆ ತುಂಬಿಕೊಂಡಿತ್ತು.

"ಮೇಡಂ ಮುಖ ನೋಡಿದ್ರೇ ಸಾರ್ ಕೈಗುಣ ಗೊತ್ತಾಗುತ್ತೆ," ಎಂದಳು ಮಂಗಳಗೌರಿ. "ಅವರೇ ಕೂತ್ಕೊಳ್ಳಲಿ, ನಾವು ನೋಡಿ ಕಲೀತೀವಿ."

ಶಿರಾಲಿ ಟ್ರೇಯ ಕಡೆ ತಿರುಗಿ ಸೂಜಿಗಳನ್ನು ಜೋಡಿಸತೊಡಗಿದರು. ಹೆಂಡತಿ ನಕ್ಕುಬಿಟ್ಟರು.

"ಇವರ ಕೈಗೆ ಮುಖ ಕೊಡೋಕೆ ನನಗೇನು ಹುಚ್ಚಾ? ನಾನು ಡಾಕ್ಟರ್ ಹತ್ರ ಮಾಡಿಸ್ಕೊಳ್ಳೋದು."