ಡೇರೆಯೊಳಗಿನ ಮದುವೆ

"ಈ ಹೊಲಸಿನೊಳಗೆ ನಾನು ಕಾಲಿಡೋದಿಲ್ಲ," ಎಂದು ಊರಿನ ಪಾದ್ರಿ ಡೇರೆಯ ಬಾಗಿಲಿನಿಂದಲೇ ತಿರುಗಿ ನಡೆದ.

ಮ್ಯಾನೇಜರ್ ಲೂಷಿಯಸ್ ಪೆಲ್ ಹಲ್ಲು ಕಡಿದ. ಹೊಲಸೇನೋ ಹೌದು. ಆನೆಯ ಲದ್ದಿ, ಒದ್ದೆ ಮರದ ಹೊಟ್ಟು, ಜನರ ಬೆವರು. ಈ ಸರ್ಕಸ್ಸಿಗೆ ಸೇರಿದಂದಿನಿಂದ ರೈಲು ಯಾವ ಊರಿನಲ್ಲಿ ನಿಂತರೂ ಅದೇ ಗಬ್ಬುನಾತ. ಇಂದು ಒಡತಿ ಹಾಲಿಸ್ಟರ್ ಅವನನ್ನು ಮದುವೆಯಾದರೆ ರೈಲು, ಡೇರೆ, ಪ್ರಾಣಿ ಎಲ್ಲವೂ ಅವನದು. ಮಾರಿ ಕೈತೊಳೆದುಕೊಳ್ಳಬಹುದು. ಆ ವಿಧವೆಯದು ಒಂದೇ ಹಠ: ತೀರಿಕೊಂಡ ಗಂಡ ಕಟ್ಟಿದ ಡೇರೆಯಲ್ಲೇ, ನಿಜವಾದ ಪಾದ್ರಿಯ ಕೈಯಿಂದಲೇ ಆಗಬೇಕು. ಇಂದು ಆಗದಿದ್ದರೆ ಎಂದೆಂದಿಗೂ ಇಲ್ಲ.

ಸುಳ್ಳು ಮದುವೆಗೇನೂ ಅಲ್ಲಿ ಬರವಿರಲಿಲ್ಲ. ಗಡ್ಡದ ಹೆಂಗಸು ಮಿನರ್ವಾಳಿಗೆ ಊರೂರಲ್ಲೂ ಮದುವೆ; ಟಿಕೆಟ್ ಕೊಂಡವರೆಲ್ಲ ಸಾಕ್ಷಿ. ಅದು ಪೆಲ್‌ನದೇ ಉಪಾಯ. ಮೊದಲ ಊರಿನಲ್ಲಿ ವರನಾಗಬೇಕಿದ್ದ ಸಣಕಲು ಆಟಗಾರನಿಗೆ ರೈಲು ತಪ್ಪಿತ್ತು. ಪೆಲ್ ತಾನೇ ಕೋಟು ತೊಟ್ಟು ನಿಂತ. ಪತ್ರಿಕೆಯವರು ನಂಬಲೆಂದು ತನ್ನ ಮತ್ತು ಅವಳ ಹೆಸರಿನಲ್ಲಿ ಕೋರ್ಟಿನಿಂದ ಮದುವೆಯ ಪರವಾನಗಿಯನ್ನೂ ತಂದಿದ್ದ. ಮುತ್ತಿಡುವಾಗ ಆ ಗಡ್ಡ ಚುಚ್ಚಿದ್ದು ನೆನೆದರೆ ಅವನಿಗೆ ಈಗಲೂ ವಾಕರಿಕೆ. ಅಂದು ಪಾದ್ರಿಯ ನಿಲುವಂಗಿ ತೊಟ್ಟವನು ವಿದೂಷಕ ಎಜ್ರಾ. ಎರಡನೆಯ ಊರಿನಲ್ಲಿ ಅವನು ಸುತರಾಂ ಒಪ್ಪಲಿಲ್ಲ. ಸೋಮಾರಿ ಎಂದು ಬೈದು ಪೆಲ್ ಅದನ್ನು ಇನ್ನೊಬ್ಬನಿಗೆ ತೊಡಿಸಿದ್ದ.

ಮಿನರ್ವಾ ಮೂಲೆಯಲ್ಲಿ ಕೂತು ಹಸಿ ಈರುಳ್ಳಿ ಕಚ್ಚುತ್ತಿದ್ದಳು. ಮೊದಲ ಮದುವೆಯ ಹಿತ್ತಾಳೆ ಉಂಗುರ ಇನ್ನೂ ಬೆರಳಲ್ಲಿತ್ತು.

"ಥೂ! ಗಡ್ಡದ ತುಂಬ ಈರುಳ್ಳಿ ರಸ. ಆಚೆ ಹೋಗೇ!" ಎಂದ ಪೆಲ್.

"ನಿಮ್ಮ ಮುಖ ನೋಡ್ಕೊಂಡು ನನಗೂ ಊಟ ಸೇರಲ್ಲ ಬಿಡಿ," ಎಂದಳು. ಕೂತಲ್ಲಿಂದ ಏಳಲಿಲ್ಲ.

ಅಷ್ಟರಲ್ಲಿ ಹಾಲಿಸ್ಟರ್ ಬಂದಳು. "ಆ ಪಾದ್ರಿ ಹೋದ್ರೆ ಹೋಗ್ಲಿ. ನಮ್ಮ ಎಜ್ರಾ ಇಲ್ವಾ? ಪಾದ್ರಿ ದೀಕ್ಷೆ ತಗೊಂಡವನು. ಕುಡಿದು ಚರ್ಚ್ ಕಳ್ಕೊಂಡ, ಅಷ್ಟೆ. ನೀವು ಇಲ್ಲಿಗೆ ಬರೋ ಮುಂಚೆ, ನನ್ನ ಗಂಡನ್ನ ಮಣ್ಣು ಮಾಡಿದಾಗ ಪ್ರಾರ್ಥನೆ ಮಾಡ್ಸಿದ್ದೂ ಅವನೇ."

ಪೆಲ್‌ಗೆ ಹೋದ ಜೀವ ಬಂದಂತಾಯಿತು. ಅರ್ಧ ಬಣ್ಣ ಬಳಿದುಕೊಂಡಿದ್ದ ಎಜ್ರಾನನ್ನು ರಟ್ಟೆ ಹಿಡಿದು ಎಳೆತಂದ. ಹಳಸಿದ ಹೆಂಡದ ವಾಸನೆಗೆ ಮೂಗು ಮುಚ್ಚಿಕೊಂಡೇ ಕೇಳಿದ:

"ನೀನು ಮಾಡ್ಸಿದ ಮದುವೆ ಕಾನೂನಿಗೆ ನಿಲ್ಲುತ್ತೇನೋ?"

"ಪರವಾನಗಿ ಇದ್ರೆ ಗಟ್ಟಿಯಾಗಿ ನಿಲ್ಲುತ್ತೆ ಸಾಹೇಬ್ರೇ. ಪಾದ್ರಿ ಪಟ್ಟಾನ ಯಾರೂ ಕಿತ್ಕೊಂಡಿಲ್ಲ."

"ಒಡತಿ ಕೇಳೋ ಹಾಗೆ ಇನ್ನೊಂದ್ಸಲ ಹೇಳು."

"ನಿಲ್ಲುತ್ತೆ, ಅಮ್ಮಾವ್ರೇ. ಸಾಯೋವರೆಗೂ ನಿಲ್ಲುತ್ತೆ."

"ಹಾಗಾದ್ರೆ ಇನ್ನೇನು, ನಡಿ! ನಮ್ಮದು ಮಾಡ್ಸು."

ಎಜ್ರಾ ತೋಳಿನಿಂದ ಮುಖದ ಬಣ್ಣ ಒರೆಸಿಕೊಂಡ. ಹಾಲಿಸ್ಟರ್ ಕಡೆ ನೋಡಿದ, ಆಮೇಲೆ ಮೂಲೆಯ ಕಡೆ.

"ಹೆಂಡ್ತಿ ಅಲ್ಲೇ ಕೂತು ಈರುಳ್ಳಿ ತಿಂತಿರೋವಾಗ ನಿಮಗೆ ಇನ್ನೊಂದು ಮದುವೆ ಹೇಗೆ ಮಾಡಿಸ್ಲಿ, ಸಾಹೇಬ್ರೇ?"