ಸೊರಬದವರು ಕೇಳಿದ ಹಾಡು

ಹಂಚಿನ ಮೇಲೆ ಬೀಳಬೇಕಿದ್ದ ರೊಟ್ಟಿ ನೀಲಾಂಬಿಕಳ ಕೈಯಲ್ಲೇ ಹರಿಯಿತು. ಒಳಕೋಣೆಯಿಂದ ಡಬ್ ಡಬ್ ಎಂದು ಶುರುವಾದ ಸದ್ದಿಗೆ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳೆಲ್ಲ ಅದುರಿದವು.

"ರಕ್ಷಿತಾ! ಇವತ್ತೊಂದಿನ ಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕೇ?"

ಉತ್ತರದ ಬದಲು ಇಂಗ್ಲಿಷ್ ಹಾಡು ಬಂತು, ಉಸಿರು ಬಿಡದೆ, ಜಗಳಕ್ಕೆ ನಿಂತವರ ಧಾಟಿಯಲ್ಲಿ.

ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ತಳ್ಳಿದಳು. ಮಗಳು ದೊಗಳೆ ಟೀ ಶರ್ಟಿನಲ್ಲಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಪಕ್ಕದಲ್ಲಿ ಆ ಕರೀ ಸ್ಪೀಕರ್, ಅಕ್ಕಿ ಡಬ್ಬದಷ್ಟು ದೊಡ್ಡದು. ಅವಳಪ್ಪ ದಾವಣಗೆರೆಯಿಂದ ತಂದುಕೊಟ್ಟದ್ದು. ಅವರಿದ್ದಾಗ ಭಾನುವಾರ ಬಂತೆಂದರೆ ಅಪ್ಪ, ಮಗಳು ಹಿಪ್-ಹಾಪ್ ಸಿನಿಮಾ ಹಾಕಿಕೊಂಡು ಕೂರುತ್ತಿದ್ದರು. ಅವರು ತೀರಿಹೋದರು. ಸಿನಿಮಾಗಳು ಮಾತ್ರ ಮನೆ ಬಿಟ್ಟು ಹೋಗಲಿಲ್ಲ.

"ಸೊರಬದವರು ಬರೋ ಹೊತ್ತಾಯ್ತು. ಚೂಡಿದಾರ್ ಹಾಕ್ಕೋ."

"ಹಾಕ್ಕೋತೀನಿ. ಆದ್ರೆ ಕೇಳೋದನ್ನ ಕೇಳೇ ಕೇಳ್ತೀನಿ."

"ಬಂದೋರ್ನೆಲ್ಲ ಸಿನಿಮಾ ಪರೀಕ್ಷೆಗೆ ಕೂರಿಸ್ತೀಯಲ್ಲ, ಇದೇನು ಮದುವೆ ಮಾತೋ, ಕೆಲ್ಸದ ಇಂಟರ್‌ವ್ಯೂನೋ?"

"ಎರಡೂ," ಎಂದಳು ಮಗಳು.

ನೀಲಾಂಬಿಕ ಗದರುವವಳಲ್ಲ. ಆದರೆ ತಾಳಿ ತಾಳಿ ಅವಳಿಗೂ ಸಾಕಾಗಿತ್ತು. ಹಿಂದಿನ ಎರಡು ಸಂಬಂಧಗಳೂ ಇದೇ ಸ್ಪೀಕರಿನಿಂದ ತಪ್ಪಿದ್ದವು. ಹೊನ್ನಾಳಿಯವರು ಬಂದಾಗ ಮಗಳು "ನಿಮಗೆ ಯಾವ ಹಿಪ್-ಹಾಪ್ ಸಿನಿಮಾ ಇಷ್ಟ? ಅದರಲ್ಲಿ ಯಾವ ಹಾಡು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಾಡು ಹಾಕಿಬಿಟ್ಟಿದ್ದಳು. ಅವರು ಅರ್ಧ ಹಾಡಿಗೇ ಎದ್ದು, ತಮ್ಮ ಮನೆಯೇನೋ ಎಂಬಂತೆ ಸ್ವಿಚ್ ಆರಿಸಿದರು. ಶಿರಾಳಕೊಪ್ಪದವರು ಎಲ್ಲ ಸಿನಿಮಾನೂ ಇಷ್ಟ, ಎಲ್ಲ ಹಾಡೂ ಇಷ್ಟ ಎಂದು ಹಲ್ಲು ಬಿಟ್ಟರು. ಒಂದರ ಹೆಸರೂ ಬಾಯಿಗೆ ಬರಲಿಲ್ಲ. "ಸುಳ್ಳು," ಎಂದು ಎಲ್ಲರೆದುರು ಹೇಳಿ ರಕ್ಷಿತಾ ಎದ್ದುಹೋದಳು. ಆ ಕಡೆಯಿಂದ ಮತ್ತೆ ಫೋನೇ ಇಲ್ಲ.

ತಮ್ಮ ಚನ್ನೇಶ್ ಖಡಾಖಂಡಿತವಾಗಿ ಹೇಳಿದ್ದ: "ಇದೂ ತಪ್ಪಿದ್ರೆ ಅಕ್ಕಾ, ನಾನು ಇನ್ನೊಂದು ಮನೆ ಮೆಟ್ಟಿಲು ಹತ್ತಲ್ಲ."

ಅವನು ಮಲ್ಲಿಗೆ ಹೂ ಹಿಡಿದು ಬಂದ. ಸೋದರ ಸೊಸೆಯನ್ನು ಅಡುಗೆಮನೆ ಬಾಗಿಲಲ್ಲೇ ತಡೆದ.

"ಏನವ್ವಾ, ಇವರನ್ನಾದ್ರೂ ಉಳಿಸ್ತೀಯೋ, ವಾಪಸ್ ಬಸ್ ಹತ್ತಿಸ್ತೀಯೋ?"

"ಅವರ ಕಿವಿ ಹೇಗಿದೆ ನೋಡ್ಬೇಕು, ಮಾಮ."

ತಂದ ಮಲ್ಲಿಗೆ ಬಾಳೆಎಲೆಯಲ್ಲಿ ಸುತ್ತಿದ ಹಾಗೇ ಅಡುಗೆಕಟ್ಟೆಯ ಮೇಲೆ ಉಳಿಯಿತು. ಯಾರ ಮುಡಿಗೂ ಏರಲಿಲ್ಲ.

ಬಂದವರು ಇಬ್ಬರೇ. ಸೊರಬದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸಿದ್ಧಲಿಂಗೇಶ್, ಮತ್ತವರ ಅಕ್ಕ ಗಂಗಾಶ್ರೀ. ರಕ್ಷಿತಾ ರೊಟ್ಟಿಯ ತಟ್ಟೆಗಳನ್ನು ತಂದಿಟ್ಟಳು. ಚೂಡಿದಾರ್ ಹಾಕಿದ್ದಳು, ತಲೆ ಮಾತ್ರ ತಗ್ಗಿಸಲಿಲ್ಲ. ನೀಲಾಂಬಿಕ ಬಾಗಿಲ ಮರೆಯಲ್ಲಿ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು. ಚನ್ನೇಶ್ ಎರಡು ಸಲ ಕರೆದ ಮೇಲೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು.

"ರೊಟ್ಟಿ ಹೂವಿನಂಗಿದಾವೆ. ಯಾರ ಕೈದು?" ಗಂಗಾಶ್ರೀ ಕೇಳಿದರು.

"ನಂದೇ," ಎಂದಳು ನೀಲಾಂಬಿಕ.

ಗಂಗಾಶ್ರೀ ತಮ್ಮನ ಕಡೆ ನೋಡಿ ಹುಬ್ಬು ಹಾರಿಸಿದರು. ಅಷ್ಟರಲ್ಲಿ ರಕ್ಷಿತಾ ಸ್ಪೀಕರನ್ನು ಹೊತ್ತು ತಂದು ಅವರೆದುರಿಗೇ ಇಟ್ಟಳು. ಚನ್ನೇಶ್ ಹಣೆ ಹಿಡಿದುಕೊಂಡ.

"ನೀವು ಹಿಪ್-ಹಾಪ್ ಸಿನಿಮಾ ನೋಡ್ತೀರಾ?"

"ಒಂದೂ ನೋಡಿಲ್ಲ," ಎಂದರು ಸಿದ್ಧಲಿಂಗೇಶ್. "ನಿಮಗೆ ಯಾವ್ದು ಇಷ್ಟ?"

ಈ ಪ್ರಶ್ನೆಯನ್ನು ಯಾರೂ ರಕ್ಷಿತಾಳಿಗೆ ತಿರುಗಿ ಕೇಳಿರಲಿಲ್ಲ.

"ಬಂದರಿನ ಹುಡುಗಂದು. ಮೀನು ಬುಟ್ಟಿ ಹೊರ್ತಾ ಹೊರ್ತಾ ಹಾಡು ಕಟ್ತಾನೆ. ಕಥೆ ಎಲ್ಲಾದ್ರಲ್ಲೂ ಒಂದೇ ರೀ. ಬಡವ, ಹಾಡ್ತಾನೆ, ಗೆಲ್ತಾನೆ. ನಾನು ಮಾರ್ಕ್ಸ್ ಕೊಡೋದು ಹಾಡಿಗೆ."

"ಹಂಗಾದ್ರೆ ಹಾಕಿ, ಕೇಳೋಣ."

ಹಾಡು ಶುರುವಾಯಿತು. ತಟ್ಟೆಯ ಮೇಲಿನ ಚಮಚ ಕುಣಿಯಿತು. ಗಂಗಾಶ್ರೀ ಸೆರಗಿನಿಂದ ಕಿವಿ ಮುಚ್ಚಿಕೊಂಡರು. "ಶಿವನೇ! ನಮ್ಮನೇಲಿ ಕುಕ್ಕರ್ ಕೂಗಿದ್ರೇ ದೊಡ್ಡ ಗಲಾಟೆ!"

ನೀಲಾಂಬಿಕಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಇಷ್ಟು ವರ್ಷ ಇವಳ ಮುಖ ನೋಡಿಕೊಂಡೇ ಬದುಕಿದ್ದಲ್ಲವೇ? ಒಂದೇ ಒಂದು ಬೆಳಗ್ಗೆ ಸುಮ್ಮನಿರಲಾಗದೆ? ವೈರ್ ಕಿತ್ತೆಸೆಯಲು ಎದ್ದಳು. ಸಿದ್ಧಲಿಂಗೇಶ್ ಕೈಸನ್ನೆಯಲ್ಲೇ ಬೇಡ ಎಂದರು. ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡು, ಪತ್ರಿಕೆ ಓದುವವರ ಹಾಗೆ ಮುಂದಕ್ಕೆ ಬಾಗಿ, ಹಾಡನ್ನು ಕೊನೆಯವರೆಗೂ ಕೇಳಿದರು.

"ಮಾತು ಒಂದೂ ಅರ್ಥ ಆಗ್ಲಿಲ್ಲ," ಎಂದರು. "ಆದ್ರೆ ಹಾಡು ನಿಂತ್ಮೇಲೂ ಬಡಿತ ಒಂದೇ ಉಳೀತಲ್ಲ, ಅದ್ಯಾಕೆ?"

ರಕ್ಷಿತಾ ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ನೋಡಿದಳು.

"ಸಿನಿಮಾದಲ್ಲಿ ಅಲ್ಲಿ ಅವನು ಮನೆ ಬಿಟ್ಟು ಹೊರಡ್ತಾನೆ. ಎಲ್ಲಾ ಸಾಮಾನೂ ಅಲ್ಲೇ ಬಿಟ್ಟು. ಬೀಟ್ ಒಂದೇ ಜೊತೆಗೆ ಬರುತ್ತೆ."

"ಓ... ಇನ್ನೊಂದ್ಸಲ ಹಾಕ್ತೀರಾ?"

ಅವಳು ಹಾಕಲಿಲ್ಲ. ಬಗ್ಗಿ ಸ್ಪೀಕರಿನ ವೈರ್ ಸುತ್ತತೊಡಗಿದಳು. ಇದೂ ಮುಗಿಯಿತು ಎಂದುಕೊಂಡಳು ನೀಲಾಂಬಿಕ. ಮುಖ ಎತ್ತುವ ಧೈರ್ಯವಾಗಲಿಲ್ಲ.

"ಪಾಸೋ ಫೇಲೋ ಹೇಳೇ ಮಾರಾಯ್ತಿ," ಚನ್ನೇಶ್ ಪಿಸುಗುಟ್ಟಿದ.

"ಇನ್ನೊಂದು ಪ್ರಶ್ನೆ ಉಳಿದಿದೆ, ಮಾಮ. ಅದನ್ನ ಇಲ್ಲೀತನಕ ಯಾರಿಗೂ ಕೇಳಕ್ಕಾಗಿಲ್ಲ."

ವೈರ್ ಸುತ್ತುತ್ತಿದ್ದ ಕೈ ನಿಂತಿತು. ರಕ್ಷಿತಾ ಸ್ಪೀಕರನ್ನು ಎದೆಗವುಚಿಕೊಂಡು ಸಿದ್ಧಲಿಂಗೇಶರ ಮುಂದೆ ನಿಂತಳು.

"ನಮ್ಮಮ್ಮನ್ನ ಮದುವೆ ಮಾಡ್ಕೊಂಡು ಸೊರಬಕ್ಕೆ ಕರ್ಕೊಂಡು ಹೋಗ್ತೀರಲ್ಲ, ಆ ಮನೇಲಿ ಇದನ್ನ ಇಡೋಕೆ ಜಾಗ ಇದೆಯಾ?"