ಒಬ್ಬನನ್ನು ಬಿಟ್ಟು

ಒಪ್ಪಿಗೆ ಪತ್ರಕ್ಕೆ ಬೋರ್ಡು ಬರೆಯುವ ಮುದುಕ ಶುಯಿ-ಮು ಸಹಿಯನ್ನೇನೋ ಹಾಕಿದ್ದ. ಆದರೆ ಸಹಿಯ ಕೆಳಗೆ, ಯಾರೂ ಕೇಳದಿದ್ದರೂ, ಕುಂಚ ಅದ್ದಿ ಒಂದು ಸಾಲು ಸೇರಿಸಿದ್ದ: ‘ಲೋಕದಲ್ಲಿ ಯಾರು ಬೇಕಾದರೂ ನನ್ನ ಅಕ್ಷರ ಬಳಸಲಿ. ಎದುರಂಗಡಿಯ ಆ-ಫಾ ಮಾತ್ರ ಮುಟ್ಟಕೂಡದು.’

ಅದನ್ನು ಓದಿದ ಅವನ ತಮ್ಮನ ಮಗಳು ಯೀ-ಛೆನ್, ಕೈಲಿದ್ದ ಬೂದುಗುಂಬಳದ ಶರಬತ್ತಿನ ಲೋಟವನ್ನು ಹಾಗೇ ಕೆಳಗಿಟ್ಟಳು.

“ದೊಡ್ಡಪ್ಪ, ಈ ಸಾಲು ಇದ್ರೆ ನಿಮ್ಮ ಫಾಂಟನ್ನ ನಮ್ಮ ಭಂಡಾರಕ್ಕೆ ಸೇರಿಸೋಕಾಗಲ್ಲ. ಯಾರನ್ನೂ ಹೊರಗಿಡೋ ಹಾಗಿಲ್ಲ.”

“ಲೋಕದ ತುಂಬಾ ಜನ ಇದಾರೆ. ಒಬ್ಬನನ್ನ ಬಿಟ್ರೆ ನಿಮಗೇನು ಕಡಿಮೆಯಾಗತ್ತೆ?”

“ಕಡಿಮೆ ಆಗಲ್ಲ. ನಿಯಮ ಹಾಗಿದೆ.”

“ಕಳ್ಳ ಬಳಸಬಹುದಾ?”

“ಬಳಸಬಹುದು.”

“ತೆರಿಗೆ ಆಫೀಸಿನೋರು?”

“ಅವರೂ ಬಳಸಬಹುದು. ಬೇಕಾದ್ರೆ ಮಾರಬಹುದು, ತಿದ್ದಬಹುದು.”

“ನನ್ನ ಅಕ್ಷರ ತಿದ್ದೋನು ಇನ್ನೂ ಹುಟ್ಟಿಲ್ಲ.”

“ಹುಟ್ಟಿದ ಮೇಲೆ ತಿದ್ದಲಿ ಬಿಡಿ.”

ಯೀ-ಛೆನ್ ಮತ್ತು ದೇಶ ದೇಶಗಳಲ್ಲಿ ಹರಡಿಕೊಂಡ ಅವಳಂಥ ನೂರಾರು ಜನ ಸೇರಿ, ಸಂಬಳವಿಲ್ಲದೆ, ಕಂಪ್ಯೂಟರುಗಳಿಗೆ ಬೇಕಾದ ಉಚಿತ ಕಾರ್ಯವ್ಯವಸ್ಥೆಯನ್ನು, ಒಂದು ಲಿನಕ್ಸ್ ಅನ್ನು, ನಡೆಸುತ್ತಿದ್ದರು. ಅದರ ಸಮಸ್ತ ತಂತ್ರಾಂಶವೂ ಒಂದೇ ಭಂಡಾರದಲ್ಲಿತ್ತು. ಅಲ್ಲಿರುವುದನ್ನು ಯಾರು ಬೇಕಾದರೂ ಒಯ್ಯಬಹುದು. ಯಾವ ಷರತ್ತನ್ನೂ ಹಾಕಕೂಡದು ಎಂಬುದೊಂದೇ ಷರತ್ತು. ಹೊಸ ಆವೃತ್ತಿ ಬಿಡುಗಡೆಯಾಗುವುದಿತ್ತು. ಇವತ್ತು ಸಂಜೆ ಭಂಡಾರದ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಎರಡು ವರ್ಷಕ್ಕೆ. ಆ ಬಾಗಿಲಲ್ಲಿ ನಿಂತು ಒಂದೊಂದನ್ನೂ ಪರೀಕ್ಷಿಸಿ ಒಳಗೆ ಬಿಡುವವರಲ್ಲಿ ಯೀ-ಛೆನ್ ಕೂಡ ಒಬ್ಬಳು. ಮುದುಕನಿಗೆ ಅದೂ ಗೊತ್ತಿತ್ತು.

“ಬಾಗಿಲು ಕಾಯೋಳು ನೀನೇ ಅಲ್ವೇನೆ? ಒಂದ್ಸಲ ಆ ಕಡೆ ತಿರುಗು.”

“ಅದಕ್ಕೇ ಆಗಲ್ಲ ಅನ್ನೋದು. ನಿನ್ನೆ ಓಸಾಕದೋರು ಒಬ್ಬರು ಮಕ್ಕಳ ಆಟ ಕಳಿಸಿದ್ರು. ‘ಕೆಟ್ಟವರು ಆಡಕೂಡದು’ ಅಂತ ಬರೆದಿದ್ರು. ಪಾಪ, ಬಲು ಒಳ್ಳೆ ಮನುಷ್ಯ. ವಾಪಸ್ ಕಳಿಸಿದೆ.”

ಒಂದು ಕಾಲಕ್ಕೆ ತೈನಾನ್ ಊರಿನ ಬೀದಿ ಬೀದಿಯಲ್ಲೂ ಶುಯಿ-ಮು ಬರೆದ ಬೋರ್ಡುಗಳಿದ್ದವು. ಅವನಿಂದಲೇ ಕುಂಚ ಹಿಡಿಯಲು ಕಲಿತ ಆ-ಫಾ ಎದುರಿಗೇ ಫ್ಲೆಕ್ಸ್ ಮುದ್ರಿಸುವ ಯಂತ್ರ ತಂದಿಟ್ಟ ಮೇಲೆ ಅವು ಒಂದೊಂದಾಗಿ ಇಳಿದವು. ಕೊನೆಯದು ಗಡಿಯಾರದ ಅಂಗಡಿಯದು. ಅದೂ ಹೋದ ತಿಂಗಳು ಗುಜರಿಗೆ ಹೋಯಿತು. ತನ್ನ ಅಕ್ಷರಗಳನ್ನೂ ಆ-ಫಾ ಇಂದಲ್ಲ ನಾಳೆ ಕದಿಯುತ್ತಾನೆ ಎಂದು ಕಾಯುತ್ತ, ಮುದುಕ ವರ್ಷಗಟ್ಟಲೆ ಎದುರಂಗಡಿಗೆ ಮುಖ ಮಾಡಿಯೇ ಕೂತಿದ್ದ. ಹಾಗೆ ಕೂತೇ ತಮ್ಮ ಲಿಪಿಯ ಸಾವಿರಾರು ಅಕ್ಷರಗಳನ್ನು ಯೀ-ಛೆನ್‌ಗಾಗಿ ಮತ್ತೆ ಬರೆದುಕೊಟ್ಟಿದ್ದ. ಅವನ್ನೇ ಅವಳು ಕಂಪ್ಯೂಟರಿನಲ್ಲಿ ಬಳಸುವ ಫಾಂಟ್ ಮಾಡಿದ್ದಳು. ಈಗ ಕಣ್ಣಿಗೆ ಪೊರೆ ಬಂದಿತ್ತು. ಇನ್ನೆರಡು ವರ್ಷ ಕಾದರೆ ಅದನ್ನು ನೋಡಲು ಅವನಿಗೆ ಕಣ್ಣೇ ಇರುತ್ತಿರಲಿಲ್ಲ.

“ಊರಿನ ಶಾಲೆ ಕಂಪ್ಯೂಟರುಗಳಲ್ಲೆಲ್ಲ ನಮ್ಮ ಲಿನಕ್ಸೇ ಇರೋದು. ಇವತ್ತು ಸೇರಿದ್ರೆ ಮಕ್ಕಳೆಲ್ಲ ನಿಮ್ಮ ಅಕ್ಷರ ನೋಡ್ಕೊಂಡೇ ಕಲೀತಾರೆ ದೊಡ್ಡಪ್ಪ. ಇಲ್ಲಾಂದ್ರೆ ಎಲ್ಲೂ ಉಳಿಯಲ್ಲ. ಆ-ಫಾ ಒಬ್ಬನಿಗೋಸ್ಕರ ಅಷ್ಟನ್ನೂ ಕಳ್ಕೋತೀರಾ?”

ಮುದುಕ ಬಣ್ಣ ಮೆತ್ತಿದ ಸ್ಟೂಲಿನಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಆಯ್ತು, ಕೊಡ್ತೀನಿ. ಆದ್ರೆ ನಾನೇ ಹೋಗಿ ಅವನಿಗೆ ಹೇಳ್ತೀನಿ. ನನ್ನ ಅನ್ನ ಕಿತ್ಕೊಂಡೋನಿಗೆ ನಾನೇ ಅಕ್ಷರ ದಾನ ಮಾಡ್ತಿದೀನಿ ಅಂತ ಗೊತ್ತಾಗ್ಲಿ. ತಲೆ ತಗ್ಗಿಸ್ಲಿ.”

ಬೀದಿ ದಾಟಿ ಹೋದ ಮುದುಕನನ್ನು ಕಂಡು ಆ-ಫಾ ದಡಬಡಿಸಿ ಎದ್ದ. ಅವನ ಹಿಂದೆ ಯಂತ್ರ ಯಾರೋ ಚುನಾವಣಾ ಅಭ್ಯರ್ಥಿಯ ನಗುಮುಖವನ್ನು ಹಣೆಯಿಂದ ಶುರುಮಾಡಿ ನಿಧಾನವಾಗಿ ಹೊರಗೆ ಬಿಡುತ್ತಿತ್ತು.

“ಬನ್ನಿ ಗುರುಗಳೇ, ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ನನ್ನ ಅಕ್ಷರಾನ ಇವತ್ತಿಂದ ನೀನೂ ಬಳಸಬಹುದು. ದುಡ್ಡು ಬೇಡ. ಕೊಟ್ಟಿದೀನಿ.”

ಆ-ಫಾ ತಲೆ ತಗ್ಗಿಸಲಿಲ್ಲ. ಕೆರೆದುಕೊಂಡ.

“ನಿಮ್ಮದು ದೊಡ್ಡ ಮನಸ್ಸು ಗುರುಗಳೇ. ಆದ್ರೆ ಈಗಿನ ಗಿರಾಕಿಗಳು ಆ ಥರದ್ದು ಕೇಳಲ್ಲ. ಎಲ್ಲಾರ್ಗೂ ದಪ್ಪಗೆ, ಗುಂಡಗೆ ಇರೋದೇ ಬೇಕು. ಅಂಥವು ನನ್ಹತ್ರ ಬೇಕಾದಷ್ಟಿವೆ. ನಿಮಗ್ಯಾಕೆ ತೊಂದ್ರೆ?” ಎಂದವನು, ಗುರುವನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅದೇ ಅಭ್ಯರ್ಥಿಯ ಮುಖವಿದ್ದ ಒಂದು ಪ್ಲಾಸ್ಟಿಕ್ ಬೀಸಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮುದುಕ ಅದನ್ನು ಯಾಕೆ ಇಸಿದುಕೊಂಡನೋ ಅವನಿಗೇ ತಿಳಿಯಲಿಲ್ಲ.

ವಾಪಸು ಬಂದು ಕೂತವನು ಬಹಳ ಹೊತ್ತು ಗಾಳಿ ಬೀಸಿಕೊಂಡ.

“ಯೀ-ಛೆನ್, ‘ಇಂಥವನು ಬಳಸಲೇಬೇಕು’ ಅಂತ ಬರೆಯೋಕೆ ನಿಮ್ಮ ನಿಯಮದಲ್ಲಿ ಜಾಗ ಇದೆಯಾ?”

“ಇಲ್ಲ ದೊಡ್ಡಪ್ಪ.”

“ಇರಲ್ಲ ಅಂತ ಗೊತ್ತಿತ್ತು. ಬೇರೆ ಹಾಳೆ ಕೊಡು.”

ಈ ಸಲ ಬರೀ ಸಹಿ ಹಾಕಿದ. ಯೀ-ಛೆನ್ ಪತ್ರದ ಫೋಟೋ ತೆಗೆದು ಕಳಿಸಿದಳು. ತನ್ನ ದೊಡ್ಡಪ್ಪನದೆಂಬ ಕಾರಣಕ್ಕೆ ಅದನ್ನು ಪರೀಕ್ಷಿಸುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದ್ದಳು. ಬೀದಿಯ ದೀಪ ಹತ್ತುವ ಹೊತ್ತಿಗೆ ಉತ್ತರ ಬಂತು.

“ಸೇರಿತಾ?”

“ಸೇರಿತು ದೊಡ್ಡಪ್ಪ. ಇನ್ಮೇಲೆ ಅದು ಎಲ್ಲರದೂ.”

ಎದುರಂಗಡಿಯಲ್ಲಿ ಆ-ಫಾ ಷಟರ್ ಎಳೆಯುತ್ತಿದ್ದ. ಮುದುಕ ಅವನನ್ನೇ ನೋಡುತ್ತ ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

“ಹಾಗಾದ್ರೆ ಇನ್ಮೇಲೆ ಅವನು ಕದಿಯೋಕೂ ಆಗಲ್ಲ ಅನ್ನು.”